ಹಿತ್ತಿಲ ಬಾಗಿಲ ವಿಜಯಮ್ಮ

ವಿಜಯಮ್ಮ ಯಾರ ಮನೆಗೆ ಹೋದರೂ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೋಫಾದ ಕಡೆ ತಿರುಗಿಯೂ ನೋಡದೆ, ನೇರವಾಗಿ ಹಿತ್ತಿಲ ಬಾಗಿಲಿಗೆ ನಡೆಯುತ್ತಾರೆ. ಅದನ್ನು ತೆರೆದು ಹೊರಗೆ ನಿಂತು, ಮನೆಯ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಳಗೆ ಬಂದು "ಈಗ ಕಾಫಿ ಕೊಡಿ" ಎನ್ನುತ್ತಾರೆ. ಅಮೆರಿಕದ ಹೂಸ್ಟನ್ ಪಕ್ಕದ ಕೇಟಿ ಊರಿನ ಕನ್ನಡ ಮನೆಗಳಿಗೆ ಇದು ಒಗ್ಗಿಹೋಗಿದೆ. ಮುಜುಗರವೆಲ್ಲ ಮೊಮ್ಮಗಳು ಸಿಯಾಗೆ.

"ಅಜ್ಜಿ, ಎವ್ರಿ ಬ್ಯಾಕ್‌ಯಾರ್ಡ್ ಈಸ್ ದ ಸೇಮ್."

"ಇರಬಹುದು ಪುಟ್ಟಿ. ನೋಡಿದ್ಮೇಲೆ ಹೇಳ್ತೀನಿ."

ಹೂಸ್ಟನ್ನಿನ ಸೆಕೆಯಲ್ಲೂ ಸೀರೆಯ ಮೇಲೊಂದು ಬೂದುಬಣ್ಣದ ಕೋಟು. ಅಳತೆಯ ಟೇಪಿನ ಭಾರಕ್ಕೆ ಅದರ ಬಲಜೇಬು ಜೋತುಬಿದ್ದು, ನಡಿಗೆಯೂ ಬಲಕ್ಕೆ ವಾಲಿದಂತೆ ಕಾಣುತ್ತದೆ. ಕೋಟು ಮೆಲ್ಬರ್ನಿನದು. ಮದುವೆಯಾಗಿ ಮೈಸೂರಿನಿಂದ ಅಲ್ಲಿಗೆ ಹೋದ ವಿಜಯಮ್ಮ, ಹಳೆಯ ಕಟ್ಟಡಗಳ ಸಮೀಕ್ಷೆಯಲ್ಲಿ ಕೆಲಸ ಮಾಡಿದವರು. ಕಬ್ಬಿಣದಲ್ಲಿ ಕಸೂತಿ ಹಾಕಿದಂಥ ಜಾಲರಿಯ ವೆರಾಂಡಗಳು, ಭುಜಕ್ಕೆ ಭುಜ ತಾಗಿಸಿ ನಿಂತ ಇಟ್ಟಿಗೆಯ ಮನೆಗಳು, ಕರಿಗಲ್ಲು ಹಾಸಿದ ಹಿಂದಿನ ಓಣಿಗಳು ಇವರ ಬಾಯಲ್ಲಿ ನೆಂಟರ ಹೆಸರಿನಂತೆ ಬರುತ್ತವೆ. ಬೀದಿಯಲ್ಲೇ ನಿಂತು ನೋಡಿ, ಎ, ಬಿ, ಸಿ, ಡಿ ಎಂದು ದರ್ಜೆ ಬರೆಯುವುದು ಕೆಲಸ. ಕಟ್ಟಡಕ್ಕೆ ಹತ್ತು ನಿಮಿಷ. ಡಿ ಎಂದರೆ ಉಳಿಸಿಕೊಳ್ಳುವಂಥದ್ದೇನಿಲ್ಲ ಎಂದರ್ಥ.

ಯಾರೋ ಮುಂಗೋಡೆಗೆ ಸಿಮೆಂಟು ಮೆತ್ತಿ ಕುರೂಪ ಮಾಡಿದ್ದ ಒಂದು ಮೂಲೆಮನೆಗೆ ವಿಜಯಮ್ಮ ಡಿ ಬರೆದರು. ಎರಡು ವರ್ಷದ ಮೇಲೆ ಅದನ್ನು ಕೆಡವುತ್ತಿದ್ದಾಗ, ಟ್ರಾಮಿನಿಂದ ಇಳಿದ ವಿಜಯಮ್ಮನ ಕಣ್ಣಿಗೆ ಹಿಂದಿನ ಅಂಗಳ ಬಿತ್ತು. ಅಲ್ಲೊಂದು ಬ್ರೆಡ್ ಸುಡುವ ಒಲೆಯಿತ್ತು. ನೂರಿಪ್ಪತ್ತು ವರ್ಷ ಹಳೆಯದು. ಇಟ್ಟಿಗೆಯ ಗುಮ್ಮಟ ಅರ್ಧ ಒಡೆದು, ಒಳಗಿನ ಮಸಿ ಬಿಸಿಲಿಗೆ ತೆರೆದುಕೊಂಡಿತ್ತು. ಯಾರೂ ಅವರನ್ನು ಬೈಯಲಿಲ್ಲ, ಬೀದಿಯಿಂದಷ್ಟೇ ನೋಡಬೇಕೆಂಬುದೇ ನಿಯಮವಾಗಿತ್ತು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ವಿಜಯಮ್ಮ ಕೇಟಿಗೆ, ಮಗಳ ಮನೆಗೆ ಬಂದು ನೆಲೆಸಿದ ಮೇಲೆ, 2014ರಲ್ಲಿ, ಇಲ್ಲಿನ ಕನ್ನಡ ಬಳಗ ಭವನ ಕಟ್ಟಲು ಜಾಗ ಕೊಂಡಿತು. ಅಲ್ಲೊಂದು ಹಳೆಯ ಕಟ್ಟಡ. ಕೇಟಿಯ ಸುತ್ತ ಭತ್ತ ಬೆಳೆಯುತ್ತಿದ್ದ ಕಾಲದ್ದು, ಮರದ ಮೈಗೆ ತಗಡು ಹೊದ್ದದ್ದು. ಕೆಡವಬೇಡಿ ಎಂದು ನೆರೆಯವರು ತಕರಾರು ತೆಗೆದಾಗ, ಕಾರ್ಯದರ್ಶಿ ಪ್ರಭಂಜನನಿಗೆ ವಿಜಯಮ್ಮನ ನೆನಪಾಯಿತು.

"ಒಂದು ಲೆಟರ್ ಕೊಡಿ ಆಂಟಿ, ಅದರಲ್ಲೇನೂ ಇಲ್ಲ ಅಂತ. ನೀವು ಎಕ್ಸ್‌ಪರ್ಟು, ಅವರು ಸುಮ್ಮನಾಗ್ತಾರೆ. ಫೋಟೋ ವಾಟ್ಸ್ಯಾಪ್ ಮಾಡ್ತೀನಿ."

"ಬೀಗದ ಕೈ ಕೊಡಪ್ಪ."

"ನಾಳೆ ಕಮಿಟಿ ಮೀಟಿಂಗಿದೆ."

"ಮುಂದಕ್ಕೆ ಹಾಕು."

ಮೂರು ದಿನ ಹೋದರು. ತಗಡಿನ ಅಂಚು ಎತ್ತಿ ನೋಡಿದರು, ತೊಲೆಗಳನ್ನು ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು, ಅಟ್ಟ ಹತ್ತಿದರು, ಹಿಂದಿನ ಮುಳ್ಳುಪೊದೆಯಲ್ಲಿ ಸೀರೆ ಹರಿದುಕೊಂಡರು. ಕಮಿಟಿಯವರು ಆಂಟಿ ಕೈಕೊಡುತ್ತಾರೆ ಎಂದು ಹೆದರಿದರು. ಹೆದರಿಕೆ ಸುಳ್ಳಲ್ಲ. ಒಂದು ಒಲೆಯನ್ನಾದರೂ ಉಳಿಸಿ ಹೋಗಬೇಕೆಂದು ವಿಜಯಮ್ಮನ ಜೀವ ಇಪ್ಪತ್ತು ವರ್ಷದಿಂದ ಕಾದಿತ್ತು. ಆದರೆ ಗೆದ್ದಲು ತಿಂದ ತೊಲೆಗಳು, ಎಪ್ಪತ್ತರ ದಶಕದಲ್ಲಿ ಬದಲಾಯಿಸಿದ ನೆಲ. ಕೊನೆಗೆ ಸಿಕ್ಕಿದ್ದು ಯಾರೋ ಕೈಯಲ್ಲಿ ಬಡಿದು ಮಾಡಿದ ಒಂದು ಬಾಗಿಲ ಕೊಂಡಿ. ಅದನ್ನೇ ಹಿಡಿದು, ಕಟ್ಟಡ ಉಳಿಸಿ ಎಂದು ಒಂದು ಪುಟ ಬರೆಯಬಹುದಿತ್ತು. ಅಂಥ ಪುಟ ಬರೆಯುವ ಭಾಷೆ ಅವರಿಗೆ ಬರುತ್ತದೆ, ಎದುರಾಡುವವರು ಬಳಗದಲ್ಲಿ ಯಾರೂ ಇಲ್ಲ. ಮೂರನೆಯ ಮಧ್ಯಾಹ್ನ ಮಗುಚಿದ ಪೆಟ್ಟಿಗೆಯ ಮೇಲೆ ಕೂತು, ಕೊಂಡಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದು, ಕೊನೆಗೆ ಎರಡೇ ಸಾಲು ಬರೆದರು: ನಾನು ಒಳಗೆ ಹೋಗಿ ನೋಡಿದ್ದೇನೆ. ಉಳಿಸಿಕೊಳ್ಳುವಂಥದ್ದಿಲ್ಲ.

ಕಾಗದ ಓದಿ ಪ್ರಭಂಜನ ನಕ್ಕ. "ಇದನ್ನೇ ಅಲ್ವಾ ಆಂಟಿ ನಾನು ಮೊದಲ ದಿನಾನೇ ಹೇಳಿದ್ದು?"

"ನೀನು ಹೇಳಿದ್ದು ಸರಿಯಾಗೇ ಇತ್ತು ಕಣಪ್ಪ," ಎಂದರು ವಿಜಯಮ್ಮ, ಬೀಗದ ಕೈ ಹಿಂದಿರುಗಿಸುತ್ತ. "ಆದ್ರೆ ನಿನಗೆ ಗೊತ್ತಿರಲಿಲ್ಲ."

ಒಮ್ಮೆ ಅವಸರದಲ್ಲಿ ತೀರ್ಪು ಕೊಟ್ಟು ನೊಂದವರಲ್ಲಿ ಹೆಚ್ಚಿನವರು ಆಮೇಲೆ ತೀರ್ಪು ಕೊಡುವುದನ್ನೇ ಬಿಡುತ್ತಾರೆ. ಇಲ್ಲವೇ ಕಂಡದ್ದನ್ನೆಲ್ಲ ಹೊಗಳಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಈ ಎರಡಕ್ಕೂ ಸೇರದವರು ವಿರಳ. ಅವರು ಹಿತ್ತಿಲವರೆಗೂ ನಡೆದು ಹೋಗುತ್ತಾರೆ, ಅಲ್ಲಿ ಏನೂ ಇಲ್ಲದಿದ್ದರೆ ಇಲ್ಲವೆಂದೇ ಹೇಳಿ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಬರುತ್ತಾರೆ.