ಶಾಸಕರನ್ನು ಹೊತ್ತ ಚೌರಂಗ

ನಾನು ಒಂದು ಚೌರಂಗ. ನಾಲ್ಕು ಕಾಲು, ಮೇಲೊಂದು ಚೌಕ ಹಲಗೆ, ಇಷ್ಟೇ ನನ್ನ ದೇಹ. ನಮ್ಮ ಕುಲದ ಕೆಲಸ ದೇವರನ್ನು ಹೊರುವುದು. ಹಬ್ಬ ಬಂದರೆ ನಮ್ಮನ್ನು ತೊಳೆದು, ರಂಗೋಲಿ ಎಳೆದು, ಮೇಲೆ ಮೂರ್ತಿಯನ್ನೋ ಕಳಶವನ್ನೋ ಕೂಡ್ರಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಮಾತ್ರ ಒಬ್ಬ ಮನುಷ್ಯ. ಅದು ಶಿವನ ಇಚ್ಛೆ. ಆ ಭಾರದ ಬಗ್ಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾನು ಹುಟ್ಟಿದ್ದು ಡೋಣಿ ನದಿಯ ಸೀಮೆಯ ಬನ್ನಿಹಾಳದಲ್ಲಿ, ಮೋನಪ್ಪ ಬಡಿಗೇರನ ಅಂಗಳದಲ್ಲಿ. ಬಂಡಿಯ ಗಾಲಿಗೆಂದು ತಂದ ಜಾಲಿ ಮರದಲ್ಲಿ ಒಂದು ತುಂಡು ಉಳಿದಿತ್ತು. ಅದೇ ಓಣಿಯ ನೀಲಗಂಗವ್ವ ಗೌರಿ ಹುಣ್ಣಿಮೆಗೆ ಗೇಣುದ್ದ ಕಾಲಿನ ಚೌರಂಗ ಬೇಕೆಂದು ಹೇಳಿ ಹೋಗಿದ್ದರು. ಮೋನಪ್ಪನಿಗೆ ಒಳ್ಳೆಯ ಕಟ್ಟಿಗೆ ಕಡಿದು ಚೂರು ಮಾಡಲು ಮನಸ್ಸು ಬರಲಿಲ್ಲ. ಇದ್ದಷ್ಟು ಉದ್ದವನ್ನೂ ಕಾಲಿಗೆ ಇಟ್ಟ. ನಾನು ಮೊಳದೆತ್ತರ ನಿಂತೆ.

ನೀಲಗಂಗವ್ವ ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಏನೋ ಮೋನಪ್ಪಾ, ಗೌರಮ್ಮನ್ನ ಇಷ್ಟು ಮ್ಯಾಲೆ ಕೂಡ್ರಿಸಿ ನಾ ಏಣಿ ಹಚ್ಚಿ ಪೂಜಾ ಮಾಡ್ಲೇನು?"

"ಜಾಲಿ ಕಟ್ಟಿಗಿ ರೀ ಅಕ್ಕಾರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುರಿಯಂಗಿಲ್ಲ."

"ಮೊಮ್ಮಕ್ಕಳೇ ಪೂಜಾ ಮಾಡ್ಲಿ ಹಂಗಾದ್ರ," ಎಂದು ಅವರು ಬೇರೆ ಚೌರಂಗ ಮಾಡಿಸಿದರು. ನನ್ನನ್ನು ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಗಳ ಅಡಿಗೆ ಇಟ್ಟರು. ಎರಡು ವರ್ಷ ನಾನು ಚೀಲ ಹೊತ್ತೆ.

ಆ ಮನೆಯ ಯಜಮಾನ ಈರಸಂಗಪ್ಪನವರು ಹತ್ತಿ ಸೊಸೈಟಿಯ ಕಾರ್ಯದರ್ಶಿ. ಊರಿನ ಜನ ಅವರನ್ನು ನಂಬುತ್ತಿದ್ದರು. ಆ ವರ್ಷ ವಿಧಾನಸಭೆಯ ಚುನಾವಣೆ ಬಂದಾಗ ನಾಲ್ಕು ಹಳ್ಳಿಯ ಹಿರಿಯರು ಸೇರಿ ಅವರನ್ನೇ ನಿಲ್ಲಿಸಿದರು. ಅವರಲ್ಲಿ ಎಲ್ಲವೂ ಇತ್ತು, ಎತ್ತರ ಒಂದು ಇರಲಿಲ್ಲ. ಮದುವೆಯಲ್ಲಿ ಅಂತರಪಟದ ಹಿಂದೆ ನಿಂತಾಗ ಮದುಮಗ ಬಂದಿಲ್ಲವೆಂದು ಬೀಗರು ಗಾಬರಿಯಾಗಿದ್ದರಂತೆ. ಇದನ್ನು ನೀಲಗಂಗವ್ವನೇ ಹೇಳಿ ನಗುತ್ತಿದ್ದರು.

ಸಂತೆಯ ಬಯಲಿನಲ್ಲಿ ಮೊದಲ ಸಭೆ. ಭಾಷಣ ಶುರುವಾಗಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಕೂಗಿದರು. "ಮೈಕ್ ಮಾತಾಡಾಕ್ಹತ್ತೈತಿ, ಮನಶ್ಯಾ ಎಲ್ಲಿ ಅದಾನು?" ಬಯಲಿಗೆ ಬಯಲೇ ನಕ್ಕಿತು. ನೀಲಗಂಗವ್ವನ ತಮ್ಮ ದುಂಡಪ್ಪ ಅಲ್ಲೇ ಇದ್ದ. ಆರಡಿ ಆಳು, ತಿರುವಿದ ಮೀಸೆ, ಅಕ್ಕನ ಗಂಡನೆಂದರೆ ಪ್ರಾಣ. ಪ್ರಚಾರದ ಜೀಪು ಓಡಿಸುವವನೂ ಅವನೇ. "ಮಾಮಾ, ನನ್ನ ಹೆಗಲ ಮ್ಯಾಲೆ ಕೂಡ್ರಿ," ಎಂದು ಬಗ್ಗಿಯೇಬಿಟ್ಟ. ಅಷ್ಟರಲ್ಲಿ ನೀಲಗಂಗವ್ವ ಮನೆಗೆ ಆಳು ಕಳಿಸಿದ್ದರು. ಜೋಳದ ಚೀಲ ಇಳಿಸಿ, ಧೂಳು ಒರೆಸಿ, ನನ್ನನ್ನು ತಂದು ಮೈಕಿನ ಮುಂದೆ ಇಟ್ಟರು.

ಈರಸಂಗಪ್ಪನವರು ಹತ್ತುವ ಮುಂಚೆ ಚಪ್ಪಲಿ ಕಳಚಿದರು.

"ಯಾಕ್ರೀ ಮಾಮಾ, ಹಲಗಿ ಗಟ್ಟಿ ಐತಿ," ಎಂದ ದುಂಡಪ್ಪ.

"ದೇವರು ಕೂಡೂ ಜಾಗಾ ಐತೋ ಇದು."

ಅಂದಿನಿಂದ ಕೊನೆಯವರೆಗೆ ಅವರು ನನ್ನ ಮೇಲೆ ಬರಿಗಾಲಿನಲ್ಲೇ ನಿಂತರು. ಜನ ಅವರ ಮುಖ ನೋಡಿ ಮಾತು ಕೇಳಿದರು. ನಾನು ಅಂಗಾಲಿನಿಂದ ಅವರನ್ನು ತಿಳಿದೆ. ಎಡಗಾಲಿನ ಹಿಮ್ಮಡಿ ಒಡೆದಿತ್ತು. ಮನಸ್ಸಿಗೆ ಒಪ್ಪಿದ ಮಾತಾಡುವಾಗ ಎರಡು ಪಾದವೂ ನನ್ನ ಮೇಲೆ ಪೂರಾ ಊರಿರುತ್ತಿದ್ದವು. ತಮಗೇ ಅನುಮಾನವಿದ್ದ ಮಾತಾದರೆ ಆ ಎಡ ಹಿಮ್ಮಡಿ ಸ್ವಲ್ಪ ಮೇಲೇಳುತ್ತಿತ್ತು. ಆ ಚುನಾವಣೆಯ ನೂರಾರು ಭಾಷಣಗಳಲ್ಲಿ ಹಿಮ್ಮಡಿ ಎದ್ದದ್ದು ಬೆರಳೆಣಿಕೆಯಷ್ಟು. ಇಂಥ ಶಾಸಕರನ್ನು ಹೊತ್ತ ಚೌರಂಗ ನಾನು.

ಗೆದ್ದರು. ನನ್ನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಸದನದೊಳಗೆ ನನಗೆ ಪ್ರವೇಶವಿರಲಿಲ್ಲ. ಶಾಸಕರ ಭವನದ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವ್ ಹೊತ್ತು ನಿಂತೆ. ನಮ್ಮ ಕಡೆಯಿಂದ ಕೆಲಸಕ್ಕೆಂದು ಬಂದವರು ನನ್ನ ಸುತ್ತ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಬನ್ನಿಹಾಳಕ್ಕೆ ಆಸ್ಪತ್ರೆ ಬಂತು, ಡೋಣಿಗೆ ಅಡ್ಡ ಸೇತುವೆ ಬಂತು. ಎರಡನೆಯ ಚುನಾವಣೆಯಲ್ಲಿ ಎದುರಾಳಿ ನನಗಿಂತ ಎರಡು ಪಟ್ಟು ಎತ್ತರದ ಮೇಜು ಮಾಡಿಸಿದ. ಅದನ್ನು ಹತ್ತಲು ಅವನಿಗೆ ಇಬ್ಬರ ಆಸರೆ ಬೇಕಾಗುತ್ತಿತ್ತು. ಜನ ಭಾಷಣಕ್ಕಿಂತ ಹತ್ತುವುದನ್ನೂ ಇಳಿಯುವುದನ್ನೂ ನೋಡಲು ಹೋಗುತ್ತಿದ್ದರು. ನಮ್ಮವರು ಮೊದಲಿಗಿಂತ ಹೆಚ್ಚು ಮತಗಳಿಂದ ಗೆದ್ದರು.

ಆ ಎರಡನೆಯ ಚುನಾವಣೆಯಲ್ಲಿ ಕರಿಕಲ್ಲ ವಸ್ತಿ ಎಂಬ ಕುರಿಗಾರರ ಹಟ್ಟಿಗೂ ಹೋಗಿದ್ದೆವು. ಐವತ್ತೆಂಟು ಮನೆ. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಮೊಣಕಾಲುದ್ದ ಕಾಲು ಹೂಳುವ ದಾರಿ. "ಈ ಸಲ ರಸ್ತಾ ಮಾಡಿಸ್ತೀನಿ," ಎಂದರು ಈರಸಂಗಪ್ಪನವರು. ಆಗ ಹಿಮ್ಮಡಿ ಎದ್ದಿತು. ರಸ್ತೆ ಮಂಜೂರಾಯಿತು, ಮಣ್ಣು ಬಿತ್ತು, ಮೊದಲ ಮಳೆಗೆ ಮಣ್ಣು ಮಣ್ಣಿಗೇ ಸೇರಿತು. ಎರಡನೆಯ ಸಲ ಹಣ ಬರಲಿಲ್ಲ. ಐದು ವರ್ಷ ಮುಗಿದೇಹೋಯಿತು.

ಮೂರನೆಯ ಚುನಾವಣೆ ಕಠಿಣವಾಗಿತ್ತು. ಗೆಲುವು ಸೋಲು ನೂರಿನ್ನೂರು ಮತಗಳಲ್ಲಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಬಹಿರಂಗ ಪ್ರಚಾರದ ಕೊನೆಯ ದಿನ, ಸಂಜೆ ಐದಕ್ಕೆ ಎಲ್ಲ ನಿಲ್ಲಬೇಕು. ಮೂರು ಗಂಟೆಗೆ ತಾಲೂಕಿನ ಪೇಟೆಯಲ್ಲಿ ದೊಡ್ಡ ಸಭೆ. ನಾನು ಜೀಪಿನ ಹಿಂದಿನ ಸೀಟಿನಲ್ಲಿದ್ದೆ.

"ಕರಿಕಲ್ಲ ವಸ್ತಿಗೆ ಹೋಗಾಕ ಆಗಲಿಲ್ಲಲ್ಲೋ ದುಂಡಪ್ಪಾ," ಎಂದರು ಈರಸಂಗಪ್ಪನವರು. "ಯಾವ ಮುಖಾ ಹೊತ್ತು ಹೋಗಲಿ ಅಲ್ಲಿಗೆ."

ದುಂಡಪ್ಪ ಮೀಸೆಯಲ್ಲೇ ನಕ್ಕ. "ಅದರ ಚಿಂತಿ ಬಿಡ್ರಿ ಮಾಮಾ. ಮುನ್ನೂರಾ ಹನ್ನೆರಡು ಮತ ಅದಾವು. ಒಂದೂ ಆಕಡೆ ಹೋಗಂಗಿಲ್ಲ. ಮೊನ್ನೆ ಮನಿಗೊಬ್ಬರಂತ ಹಿರ್‍ಯಾರ ಕೈಲೆ ಭಂಡಾರ ಮುಟ್ಟಿಸೀನಿ."

ಭಂಡಾರವೆಂದರೆ ಬೀರದೇವರ ಮುಂದಿನ ಅರಿಷಿಣದ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ಕುರಿಗಾರರು ಮುರಿಯುವುದಿಲ್ಲ. ಮುರಿದರೆ ಕುರಿ ಸಾಯುತ್ತವೆ, ಮಕ್ಕಳಿಗೆ ಕೇಡಾಗುತ್ತದೆ ಎಂದು ಅವರ ನಂಬಿಕೆ.

"ಜೀಪ್ ನಿಲ್ಸು."

"ಯಾಕ್ರೀ?"

"ಯಾರ ಹೆಸರಿಲೆ ಆಣಿ ತಗೊಂಡಿ?"

"ನಿಮ್ಮ ಹೆಸರಿಲೇ. ಮತ್ತ ಯಾರ್ದು? ಎಲ್ಲಾರೂ ಮಾಡ್ತಾರ ಮಾಮಾ. ನಾವು ಮಾಡದಿದ್ರ ಎದುರಿನವರು ಮಾಡ್ತಿದ್ರು."

"ನಾ ವಸ್ತಿಯವರಿಗೆ ದಾರಿ ಕೊಡಲಿಲ್ಲ. ನೀ ಹೋಗಿ ಅವರ ದೇವರನ್ನ ಕಟ್ಟಿಹಾಕಿ ಬಂದೀಯೇನು? ತಿರುಗಸು ಜೀಪ್."

"ಪ್ಯಾಟಿ ಸಭಾ ಐತ್ರೀ! ಹತ್ತು ಸಾವಿರ ಮಂದಿ!"

"ತಿರುಗಸು."

ವಸ್ತಿಗೆ ಒಂದು ಮೈಲು ಇರುವಾಗ, ರಾತ್ರಿಯ ಮಳೆಗೆ ತೊಯ್ದ ಎರೆಮಣ್ಣಿನಲ್ಲಿ ಜೀಪು ಹೂತಿತು. ದುಂಡಪ್ಪ ಸ್ಟಿಯರಿಂಗ್ ಬಿಟ್ಟು ಇಳಿಯಲಿಲ್ಲ. ಈರಸಂಗಪ್ಪನವರು ನನ್ನನ್ನು ತಲೆಯ ಮೇಲೆ ಹೊತ್ತು ಕೆಸರಲ್ಲಿ ನಡೆದರು. ಎರಡು ಸಲ ಗೆದ್ದ ಶಾಸಕರ ತಲೆಯ ಮೇಲೆ ನಾನು! ಆ ಒಂದು ಮೈಲಿಯಲ್ಲಿ ನನ್ನ ಕುಲದ ಹೆಮ್ಮೆಯೆಲ್ಲ ನನಗೊಬ್ಬನಿಗೇ ಸಿಕ್ಕಂತಾಯಿತು.

ಗುಡಿಯ ಮುಂದೆ ಜನ ಕೂಡಿದರು. ಕೆಂಚವ್ವ ಎಂಬ ಬೆನ್ನು ಬಾಗಿದ ಮುದುಕಿ ಮೊದಲು ಬಾಯಿ ತೆರೆದಳು.

"ಬರ್ರಿ ಸಾಹೇಬ್ರ. ಕೆಸರು ಹೆಂಗೈತಿ? ತಣ್ಣಗೈತೇನು?"

ಜನ ನಕ್ಕರು. ಈರಸಂಗಪ್ಪನವರು ಕಾಲು ತೊಳೆದುಕೊಂಡು ನನ್ನ ಮೇಲೆ ನಿಂತರು.

"ನಾ ಹೇಳಿದ ರಸ್ತಾ ಆಗಲಿಲ್ಲವ್ವ. ತಪ್ಪು ನಂದು. ಅದಕ್ಕಿಂತ ದೊಡ್ಡ ತಪ್ಪು ಮೊನ್ನೆ ಆಗೈತಿ. ನನ್ನ ಹೆಸರಿಲೆ ನಿಮ್ಮ ಕೈಲೆ ಭಂಡಾರ ಮುಟ್ಟಿಸ್ಯಾರ. ಆ ಆಣಿ ನನಗ ಬ್ಯಾಡ. ನಿಮಗ ತಿಳಿದವರಿಗೆ ಹಾಕ್ರಿ."

ಎರಡು ಪಾದವೂ ಪೂರಾ ಊರಿದ್ದವು.

ಗುಡಿಯ ಪೂಜಾರಿ ಅಮಸಿದ್ದಪ್ಪ ತಲೆ ಅಲ್ಲಾಡಿಸಿದ. "ಬಾಯಿಲೆ ಬ್ಯಾಡ ಅಂದ್ರ ಆಣಿ ಇಳಿಯಂಗಿಲ್ರೀ ಸಾಹೇಬ್ರ. ಯಾರ ಹೆಸರಿಲೆ ಕೊಟ್ಟಾರ, ಅವರು ತಲಿ ಬಾಗಿ, ಕೊಟ್ಟ ಒಬ್ಬೊಬ್ಬರ ಕೈಲೆ ತಮ್ಮ ಹಣಿಗೆ ಭಂಡಾರ ಹಚ್ಚಿಸಿಕೋಬೇಕು. ಅಂದ್ರ ಭಾರ ತಿರುಗಿ ನಿಮ್ಮ ಮ್ಯಾಲೆ ಬರ್ತೈತಿ."

"ಎಷ್ಟು ಮನಿ?"

"ಐವತ್ತೆಂಟು."

ಈರಸಂಗಪ್ಪನವರು ನನ್ನ ಮೇಲಿಂದ ಇಳಿದು ತಲೆ ಬಾಗಿಸಿದರು.

ಒಬ್ಬೊಬ್ಬರಾಗಿ ಬಂದರು. ಕುರಿ ಮೇಯಿಸಲು ಹೋದ ಏಳು ಮಂದಿಯನ್ನು ಅಡವಿಯಿಂದ ಕರೆಸಬೇಕಾಯಿತು. ಅವರಿಗಾಗಿ ಕಾದರು. "ಬಾಗಬ್ಯಾಡ್ರಿ, ನೀವು ನಿಂತ್ರೂ ನಮಗ ಎಟಕ್ತೀರಿ," ಎಂದ ಒಬ್ಬ, ಮತ್ತೆ ನಗು. ಕೆಂಚವ್ವನಿಗೆ ಮಾತ್ರ ಎಟುಕಲಿಲ್ಲ. ಅವರು ನನ್ನನ್ನು ಅವಳ ಮುಂದೆ ಸರಿಸಿ ಕೈ ಹಿಡಿದು ಹತ್ತಿಸಿದರು. ಅವರಲ್ಲದೆ ನನ್ನ ಮೇಲೆ ನಿಂತ ಮೊದಲ ವ್ಯಕ್ತಿ ಅವಳೇ.

"ನಾ ನಿಮಗ ಹಾಕಂಗಿಲ್ಲಪ್ಪ," ಎಂದಳು ಹಣೆಗೆ ಹಚ್ಚುತ್ತ. "ಆಣಿ ಇತ್ತಂತ ಹಾಕಾಕಿದ್ದೆ. ಈಗ ಹೇಳಿಬಿಡ್ತೀನಿ."

"ಚಲೋ ಆತವ್ವ," ಎಂದರು ಅವರು.

ಕೊನೆಯವನು ಮುಗಿಸುವ ಹೊತ್ತಿಗೆ ಐದು ದಾಟಿತ್ತು. ಪೇಟೆಯ ಸಭೆ ಅಭ್ಯರ್ಥಿಯೇ ಇಲ್ಲದೆ ಮುಗಿದಿತ್ತು. ಹಣೆಯಿಂದ ಎದೆಯವರೆಗೆ ಅರಿಷಿಣವಾಗಿ ಅವರು ಜೀಪಿಗೆ ಮರಳಿದಾಗ ದುಂಡಪ್ಪ ಮುಖ ತಿರುವಿದ.

ಎಣಿಕೆಯ ದಿನ ನೂರ ನಲವತ್ತಮೂರು ಮತಗಳಿಂದ ಸೋತರು. ಮಧ್ಯಾಹ್ನ ದುಂಡಪ್ಪ ಪಡಸಾಲೆಗೆ ಬಂದು ನಿಂತ. ಕೂಡಲಿಲ್ಲ.

"ವಸ್ತಿಯಾಗ ನಿಮಗ ಬಿದ್ದದ್ದು ನೂರಾ ಇಪ್ಪತ್ತೊಂದು. ಉಳಿದದ್ದು ಪೂರಾ ಅವನಿಗೆ. ನಾ ಕಟ್ಟಿದ ಗೆಲುವನ್ನ ನೀವು ನಿಮ್ಮ ಕೈಯಾರೆ ಬಿಚ್ಚಿದ್ರಿ ಮಾಮಾ. ಇನ್ನ ನಾ ಈ ಮನಿಗೆ ಯಾಕ ಬರಲಿ?"

ನೀಲಗಂಗವ್ವ ನೀರು ತಂದರು. ಕುಡಿಯದೆ ಹೋದ. ಒಂದೇ ಊರು, ಎರಡು ಓಣಿ ಆಚೆ ಅವನ ಮನೆ. ಹದಿನಾಲ್ಕು ವರ್ಷ ಆ ಹೊಸ್ತಿಲು ತುಳಿಯಲಿಲ್ಲ.

ಅವನು ಹೋದ ಮೇಲೆ ಈರಸಂಗಪ್ಪನವರು ನನ್ನ ಮೇಲೆ ಕುಳಿತರು. ನಿಂತದ್ದೇ ಗೊತ್ತಿದ್ದ ನನಗೆ ಕುಳಿತ ಭಾರ ಹೊಸದು. ಹೆಂಡತಿಗೆ ಹೇಳಿದರು.

"ಹಿಂದಿನ ಎರಡು ಸಲ ಸಾವಿರಗಟ್ಟಲೆ ಬಿದ್ದುವಲ್ಲ, ಅದರಾಗ ಎಷ್ಟು ಪ್ರೀತಿದು, ಎಷ್ಟು ಅಂಜಿಕಿದು, ನನಗ ಗೊತ್ತಿಲ್ಲ. ಇವು ನೂರಾ ಇಪ್ಪತ್ತೊಂದು ಮಾತ್ರ ಗೊತ್ತದಾವು. ರಸ್ತಾ ಇಲ್ಲ, ಆಣಿ ಇಲ್ಲ. ಆದರೂ ಹಾಕ್ಯಾರ."

"ನಿಮ್ಮ ತಮ್ಮಗ ಹೇಳಬೇಕಿತ್ತು ಇದನ್ನ," ಎಂದರು ನೀಲಗಂಗವ್ವ.

"ನಿನ್ನ ತಮ್ಮ."

"ಇಷ್ಟು ವರ್ಷ ನಿಮ್ಮವನೇ ಆಗಿದ್ದ."

ಪಕ್ಷದವರು ಅವರಿಗೆ ಮತ್ತೆ ಟಿಕೆಟ್ ಕೊಡಲಿಲ್ಲ. ಅವರೂ ಕೇಳಲಿಲ್ಲ. ಮಾಜಿ ಶಾಸಕರೆಂದು ಕರೆಯಿಸಿಕೊಳ್ಳುತ್ತ, ಕಚೇರಿಗಳಿಗೆ ನಡೆದು ನಡೆದು, ಆರು ವರ್ಷದ ಮೇಲೆ ಕರಿಕಲ್ಲ ವಸ್ತಿಗೆ ಡಾಂಬರು ರಸ್ತೆ ಮಾಡಿಸಿದರು. ಉದ್ಘಾಟನೆಗೆ ಬಂದದ್ದು ಬೇರೆ ಶಾಸಕರು. ಕಲ್ಲಿನ ಮೇಲೆ ಕೆತ್ತಿದ್ದೂ ಅವರ ಹೆಸರನ್ನೇ. ನಮ್ಮವರು ಕುರಿಗಾರರ ನಡುವೆ ಕುಳಿತು ಚಪ್ಪಾಳೆ ತಟ್ಟಿದರು.

ಕಳೆದ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು. ದೇವರ ಮನೆಯಲ್ಲಿ ವಿಭೂತಿ ಹಚ್ಚಿಕೊಂಡವರು ಗೋಡೆಗೆ ಒರಗಿದರು, ಅಷ್ಟೇ. ನಮ್ಮ ಪದ್ಧತಿಯಂತೆ ದರ್ಶನಕ್ಕೆ ಕೂಡ್ರಿಸಬೇಕು. ಯಾರೋ ದೊಡ್ಡ ಕುರ್ಚಿ ತರಲು ಹೊರಟರು. ನೀಲಗಂಗವ್ವ ಬೇಡವೆಂದು ನನ್ನನ್ನು ತೋರಿಸಿದರು. ಹೀಗೆ ನಾನು ಅವರನ್ನು ಕೊನೆಯ ಸಲ ಹೊತ್ತೆ. ಕಟ್ಟಿಗೆಗೆ ಅಳು ಬಾರದು. ಬಂದಿದ್ದರೆ ಆ ದಿನ ನೆಲ ತೋಯುತ್ತಿತ್ತು. ಆದರೂ ಒಂದು ಮಾತು ಹೇಳಬೇಕು. ಆ ದೇಹ ಹಗುರಾಗಿತ್ತು.

ಕರಿಕಲ್ಲ ವಸ್ತಿಯವರು ಎರಡು ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಬಾಗಿಲಲ್ಲಿ ಒಬ್ಬ ಎತ್ತರದ ಮುದುಕ ಒಳಗೆ ಬರಲಾರದೆ ನಿಂತಿದ್ದ. ಮೀಸೆ ಬೆಳ್ಳಗಾಗಿತ್ತು. ಅಮಸಿದ್ದಪ್ಪ ಅವನನ್ನು ಗುರುತಿಸಿ, "ಭಂಡಾರ ಮುಟ್ಟಿಸಿದ ಗೌಡ್ರು ನೀವೇ ಅಲ್ಲೇನ್ರೀ?" ಎಂದ. ದುಂಡಪ್ಪ ತಲೆ ತಗ್ಗಿಸಿದ. "ಅಂಜಬ್ಯಾಡ್ರಿ. ಅವತ್ತ ಸಾಹೇಬ್ರು ತಲಿ ಬಾಗಸಿದ್ದು ನೋಡಿ, ಆಣಿ ಇರದಿದ್ರ ಅವರಿಗೆ ಹಾಕಬಾರದಂತಿದ್ದ ನಾನೂ ಅವರಿಗೇ ಹಾಕಿದೆ. ಆ ನೂರಾ ಇಪ್ಪತ್ತೊಂದರಾಗ ಅರ್ಧಾ ಮಂದಿ ಹಂಗ ಹಾಕಿದವರು. ಬರ್ರಿ ಒಳಗ." ಅವನೇ ಕೈ ಹಿಡಿದು ಕರೆತಂದ. ಅಕ್ಕನ ಕಾಲು ಮುಟ್ಟಿ ದುಂಡಪ್ಪ ಮಗುವಿನಂತೆ ಅತ್ತ.

ದಿನಕರ್ಮಗಳು ಮುಗಿದ ಮೇಲೆ ನೀಲಗಂಗವ್ವ ನನ್ನನ್ನು ತಮ್ಮನಿಗೆ ಕೊಟ್ಟರು. ಈಗ ನಾನು ಅವನ ಪಡಸಾಲೆಯ ಮೂಲೆಯಲ್ಲಿದ್ದೇನೆ. ಒಂದು ಕಾಲಿಗೆ ಗೆದ್ದಲು ಮುಟ್ಟಿದೆ. ಬೇವಿನೆಣ್ಣೆ ಹಚ್ಚಿಸಿದ್ದಾನೆ. ನನ್ನ ಮೇಲೆ ಯಾರೂ ಕೂಡುವುದಿಲ್ಲ, ಅವನೂ ಕೂಡುವುದಿಲ್ಲ.

ಮತ್ತೊಂದು ಚುನಾವಣೆ ಹತ್ತಿರ ಬಂದಿದೆ. ಪಕ್ಷದ ಹೊಸ ಹುಡುಗರು ಹಳೆಯ ಅನುಭವಿಯನ್ನು ಹುಡುಕಿಕೊಂಡು ಬರುತ್ತಾರೆ. ನಿನ್ನೆ ಒಬ್ಬ ಕೇಳಿದ. "ಅಜ್ಜಾ, ಮತ ಕೈಬಿಡದಂಗ ಆಣಿ ಹಾಕಸೂದು ನಿಮಗ ಚಲೋ ಗೊತ್ತಂತಲ್ಲ. ನಿಮ್ಮ ಮಾಮಾ ಎಷ್ಟು ಸಲ ಗೆದ್ದಿದ್ರು?"

ದುಂಡಪ್ಪ ಮೀಸೆ ಒರೆಸಿಕೊಂಡ.

"ಎರಡು ಸಲ ಗೆದ್ರು. ಅದನ್ನ ಯಾರಿಗೆ ಕೇಳಿದ್ರೂ ಹೇಳ್ತಾರ. ಮೂರನೇ ಸಲ ಸೋತ್ರು. ಅದನ್ನ ನಾ ಹೇಳಬೇಕು. ಕೂಡ್ರಿ, ಜಲ್ದಿ ಮುಗಿಯೂ ಮಾತಲ್ಲ."

ಹುಡುಗರು ಚಾಪೆಯ ಮೇಲೆ ಕುಳಿತರು. ಅವನು ಹೇಳತೊಡಗಿದ. ಒಂದೆರಡು ಕಡೆ ಅವನ ಲೆಕ್ಕ ತಪ್ಪಿತು, ಐವತ್ತೆಂಟು ಮನೆಯನ್ನು ಎಂಬತ್ತು ಮಾಡಿದ. ನಾನು ತಿದ್ದಲು ಹೋಗಲಿಲ್ಲ. ಜೀಪಿನಲ್ಲಿ ಮುಖ ತಿರುವಿ ಕುಳಿತವನು ತಾನೇ ಎಂಬುದನ್ನು ಮಾತ್ರ ಅವನು ಮುಚ್ಚಿಡಲಿಲ್ಲ.