ನಾಲ್ಕರಲ್ಲೊಂದು ಸೋಲು

ಚಾಮರಾಜನಗರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿದ್ದ ರಾಜಶೇಖರನಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದ ವಿದ್ಯೆ ಒಂದೇ, ಯುದ್ಧದ ಆಟ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಅಲ್ಲಿ ಪಾಠ ಹೇಳುತ್ತಿದ್ದ ಚಂದಕವಾಡಿಯ ಶಾಂತಿಗೆ ಅವನನ್ನು ಕಂಡರೆ ನಗು ಕೂಡ ಬರುತ್ತಿರಲಿಲ್ಲ. ಇದ್ದ ನಾಲ್ಕು ಕಂಪ್ಯೂಟರುಗಳಲ್ಲಿ ನೆಟ್ಟಗಿದ್ದುದು ಒಂದು. ಅದರ ಮುಂದೆ ಬೆಳಗಿನಿಂದ ಈ ದಂಡನಾಯಕರ ಸವಾರಿ. ಫೀಜು ಕಟ್ಟಿದ ಹುಡುಗಿಯರು ಮಾತ್ರ ಉಳಿದ ಕುಂಟು ಕಂಪ್ಯೂಟರುಗಳಲ್ಲಿ ಒಂದು ಕೀಬೋರ್ಡಿಗೆ ಮೂವರಂತೆ ಮುಗಿಬೀಳಬೇಕು.

ಆಟದಲ್ಲಿ ದಾಳಿಗೆ ಮುಂಚೆ ಎರಡೂ ಕಡೆಯ ಬಲ ಪರದೆಯ ಮೇಲೆ ಬರುತ್ತಿತ್ತು. ಒಂದು ದಿನ ಅವನ ಬಲ ಮೂರು, ಎದುರಾಳಿಯದು ಒಂದು ಎಂದು ತೋರಿಸಿಯೂ, ಗುಡ್ಡದ ಮೇಲಿನ ಶತ್ರುವಿನ ಈಟಿಯವನೊಬ್ಬ ರಾಜಶೇಖರನ ಟ್ಯಾಂಕನ್ನು ಮುರಿದುಹಾಕಿದ.

“ಈ ಮಿಷನ್ನು ಮೋಸ ಮಾಡ್ತದೆ ಕಣಮ್ಮಿ. ಮೂರು ದೊಡ್ದೋ, ಒಂದು ದೊಡ್ದೋ?”

ಮೂರಕ್ಕೆ ಒಂದು ಎಂದರೆ ಗೆಲುವು ಮೂರು ಪಾಲು, ಸೋಲು ಒಂದು ಪಾಲು, ನಾಲ್ಕು ಸಲ ಹೊಡೆದರೆ ಹೆಚ್ಚುಕಮ್ಮಿ ಒಂದು ಸಲ ಸೋಲುವುದೇ ಲೆಕ್ಕ ಎಂದು ಶಾಂತಿ ಬಿಡಿಸಿ ಹೇಳಿದಳು. ಅವನು ಒಪ್ಪಲಿಲ್ಲ. ಮೂರಿದ್ದವನು ಗೆಲ್ಲಲೇಬೇಕಂತೆ. ಮಾರನೆಯ ದಿನ ಬಲ ಕಮ್ಮಿಯಿದ್ದ ಅವನದೇ ಈಟಿಯವನು ಶತ್ರುವಿನ ಕುದುರೆಪಡೆಯನ್ನು ತಡೆದು ನಿಲ್ಲಿಸಿದಾಗ ಮಾತ್ರ ಮೋಸದ ಮಾತೇ ಇಲ್ಲ. ಅದು ಅವನು ತಲೆ ಓಡಿಸಿದ್ದರಿಂದ ಆದದ್ದಂತೆ.

ಒಂದು ವಾರ ಅವಳು ಮೂರಕ್ಕೊಂದರ ದಾಳಿಗಳನ್ನೆಲ್ಲ ಹಾಳೆಯಲ್ಲಿ ಗೀಟು ಹಾಕಿ ಎಣಿಸಿದಳು. ಎಂಬತ್ತರಲ್ಲಿ ಹತ್ತೊಂಬತ್ತು ಸೋಲು. ಅವನು ಆ ಹಾಳೆಯಲ್ಲಿ ಬೋಂಡದ ಎಣ್ಣೆ ಒರೆಸಿಕೊಂಡು, ತನ್ನ ಟ್ಯಾಂಕು ಇನ್ನು ಸೋಲದಂತೆ ಮಾಡು ಎಂದು ಅಪ್ಪಣೆ ಕೊಡಿಸಿದ. ಬಲದ ಅಂಕಿಗಳೆಲ್ಲ ಯಾರು ಬೇಕಾದರೂ ತಿದ್ದಬಹುದಾದ ಒಂದು ಫೈಲಿನಲ್ಲಿದ್ದವು. ಶಾಂತಿ ಟ್ಯಾಂಕಿನ ಬಲ ಹತ್ತು ಎಂದಿದ್ದುದನ್ನು ತೊಂಬತ್ತೊಂಬತ್ತು ಮಾಡಿದಳು.

ಅಲ್ಲಿಂದಾಚೆ ಅವನಿಗೆ ಸೋಲೇ ಇಲ್ಲ. ಪರಾಕ್ರಮ ತೋರಿಸಲು ತೆರಕಣಾಂಬಿಯಿಂದ ಮಾವನನ್ನು ಕರೆಸಿದ. ಕೇಂದ್ರಕ್ಕೆ ಬಂಡವಾಳ ಹಾಕಿದ್ದವರೇ ಆ ಶಿವರುದ್ರಸ್ವಾಮಿ. ಅವರು ಹತ್ತು ನಿಮಿಷ ನಿಂತು ನೋಡಿದರು.

“ಎದುರ್ಗಡೆಯವ್ನು ಒಂದೇಟೂ ಒಡೆಯಾಕಿಲ್ವಲ್ಲ ಅಳಿಯಂದಿರೇ. ಇದ್ಯಾವ ಸೀಮೆ ಯುದ್ಧ?”

“ಈ ಹುಡ್ಗಿ ಆಟ ಕೆಡಿಸ್ಬುಟ್ಟವ್ಳೆ ಮಾವ,” ಎಂದ ರಾಜಶೇಖರ.

ಇವನಿಂದ ಇದಕ್ಕಿಂತ ಹೆಚ್ಚಿನದನ್ನು ಶಾಂತಿ ನಿರೀಕ್ಷಿಸಿರಲಿಲ್ಲ. “ಸೋಲದಂಗೆ ಮಾಡು ಅಂದೋರು ನೀವೇ ಸಾರ್,” ಎಂದಳು, ತಲೆಯೆತ್ತದೆ.

ಮಾವ ಹಿಂದೆ ತಿರುಗಿ, ಒಂದೇ ಕೀಬೋರ್ಡಿಗೆ ಮುಗಿಬಿದ್ದಿದ್ದ ಹುಡುಗಿಯರನ್ನು ನೋಡಿದರು. ಆ ಕುರ್ಚಿ ಬಿಟ್ಟು ಅವರನ್ನು ಕೂರಿಸುವಂತೆ ಅಳಿಯನಿಗೆ ಹೇಳಿ ಬಸ್ಸಿಗೆ ಹೊರಟರು.

ಸೋಮವಾರದಿಂದ ರಾಜಶೇಖರ ಬಾಗಿಲ ಬಳಿ ಪೇಪರು ಹಿಡಿದು ಕೂತು, ಬಂದವರಿಗೆಲ್ಲ ಮಿಷನ್ನು ಫ್ಯಾಕ್ಟರಿಯಿಂದಲೇ ಕೆಟ್ಟು ಬಂದಿದೆ ಎಂದು ಹೇಳತೊಡಗಿದ. ಶಾಂತಿ ಅವನ ಮಾತು ತಿದ್ದಲು ಹೋಗಲಿಲ್ಲ. ಅವನಿಗೆ ಲೆಕ್ಕ ಹೇಳಿ ಹಾಳುಮಾಡಿದ ಒಂದು ವಾರವೇ ಅವಳಿಗೆ ಸಾಕಾಗಿತ್ತು.