ಬಾಡಿಗೆ ಮನೆಗೆ ಬಂದವರು

"ಒಂದು ಮಾತು ಹೇಳ್ಬೇಕಿತ್ತು, ಮಿಸ್ ಗ್ವೆಂಡಾ," ಎಂದಳು ಅಯೋನಿ, ಮೂರನೆಯ ಮೆಟ್ಟಿಲ ಮೇಲೆ ನಿಂತು.

"ನಾನೂ ಒಂದು ಹೇಳ್ಬೇಕು. ನಿಮ್ಮದು ಮೊದಲಾ, ನನ್ನದಾ?"

ತಿಂಗಳ ಕೊನೆಗೆ ನೀವು ಮನೆ ಬಿಡಬೇಕು ಎಂಬ ಮಾತನ್ನು ಅಯೋನಿ ಗುಡ್ಡ ಇಳಿಯುವಾಗ ಮೂರು ಸಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೂ, "ನಿಮ್ಮದೇ ಹೇಳಿ," ಎಂದಳು.

ಗ್ವೆಂಡಾ ಬಾಗಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ವೇಲ್ಸ್ ದೇಶದಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ, ಪಿಂಚಣಿ ತೆಗೆದುಕೊಂಡು, ಒಂದು ಪೆಟ್ಟಿಗೆಯೊಂದಿಗೆ ಕೆರಿಬಿಯನ್ ಸಮುದ್ರದ ಕ್ಯಾರಿಯಕೂ ದ್ವೀಪಕ್ಕೆ ಬಂದಿಳಿದವಳು. ಗಂಡನಿಲ್ಲ, ಮಕ್ಕಳಿಲ್ಲ. ಅಯೋನಿಯ ಅಜ್ಜಿಯ ಈ ಹಲಗೆಯ ಮನೆಯಲ್ಲಿ ಬಾಡಿಗೆಗಿದ್ದು ನಾಲ್ಕು ವರ್ಷವಾಗಿತ್ತು.

"ನಿನ್ನೆ ಕನಸಲ್ಲಿ ಒಬ್ಬರು ಅಜ್ಜಿ ಬಂದಿದ್ರು. ಇಲ್ಲೇ, ಈ ಹೊಸಿಲ ಮೇಲೆ ಕೂತಿದ್ರು. 'ನನಗೆ ಊಟ ಹಾಕಿ ಎಷ್ಟು ದಿನ ಆಯ್ತು' ಅಂದ್ರು. ಜಗಳದ ದನಿ ಅಲ್ಲ. ಅಂಗಡೀಲಿ ಸಾಮಾನು ಕೇಳೋ ಹಾಗೆ."

"ತಲೆಗೆ ಏನು ಕಟ್ಟಿದ್ರು?"

"ಚೌಕಳಿ ಬಟ್ಟೆ. ಹಳದಿ, ಕೆಂಪು. ಎಡಗೈಯನ್ನ ಹೀಗೆ ಹೊಟ್ಟೆಗೆ ಒತ್ತಿಕೊಂಡಿದ್ರು, ಮಗು ಎತ್ತಿಕೊಂಡೋರ ಹಾಗೆ. ಜೋಳದ ಮುದ್ದೆ ಬೇಕು, ಉಪ್ಪು ಬೇಡ ಅಂದ್ರು. ಪಾಪ, ರಕ್ತದೊತ್ತಡ ಇರಬೇಕು ಅಂದ್ಕೊಂಡೆ."

ಅಯೋನಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅವಳ ಅಜ್ಜಿ ಫಿಲೋಮೆನ್ ಕತ್ತೆಯ ಮೇಲಿಂದ ಬಿದ್ದು ಎಡಗೈ ಮುರಿದುಕೊಂಡವಳು. ಮೂಳೆ ಸೊಟ್ಟಗೆ ಕೂಡಿ, ಆ ಕೈ ಸಾಯುವವರೆಗೂ ಹೊಟ್ಟೆಗೇ ಅಂಟಿಕೊಂಡಿತ್ತು. ಸತ್ತು ನಲವತ್ತು ವರ್ಷ. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಇನ್ನು ಉಪ್ಪಿನ ಮಾತು. ಹೋದವರು ಉಪ್ಪು ಮುಟ್ಟುವುದಿಲ್ಲವೆಂದು ಪರದೇಶದ ಹೆಂಗಸಿಗೆ ಯಾರು ಹೇಳಿಕೊಟ್ಟಿರಬೇಕು?

"ನಿಮ್ಮ ಮಾತು ಏನು, ಅಯೋನಿ?"

"ಮರೆತೇ ಹೋಯ್ತು," ಎಂದು ಅಯೋನಿ ಎದ್ದು ಗುಡ್ಡ ಹತ್ತಿದಳು.

ಮೇಲೆ ಅವಳ ಸ್ವಂತ ಮನೆ. ಇಟ್ಟಿಗೆ, ಸಿಮೆಂಟು, ಕಬ್ಬಿಣ ಹಾಕಿ ಕಟ್ಟಿಸಿದ್ದು. ಹಿಂದಿನ ವರ್ಷ ದೊಡ್ಡ ಗಾಳಿ ಬಂದಾಗ ಅದರ ತಗಡಿನ ಚಾವಣಿ ಒಂದು ಕಾಗದದ ಹಾಳೆಯಂತೆ ಎದ್ದು ಸಮುದ್ರದ ಕಡೆ ಹೋಯಿತು. ಅಜ್ಜಿಯ ಹಲಗೆ ಮನೆ ಮಾತ್ರ ಒಂದು ಮೊಳೆಯೂ ಸಡಿಲವಾಗದೆ ನಿಂತಿತ್ತು. ಅಂದಿನಿಂದ ಅಯೋನಿ ನೀಲಿ ಟಾರ್ಪಾಲಿನ ಕೆಳಗೆ ಮಲಗುತ್ತಿದ್ದಾಳೆ. ಮಳೆ ಬಂದರೆ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಾಳೆ.

ಗಾಳಿಯ ನಂತರ ದ್ವೀಪದಲ್ಲಿ ನಿಂತ ಮನೆಗಳು ಕಡಿಮೆ, ರಸ್ತೆ ಸೇತುವೆ ಕಟ್ಟಲು ಬರುವ ಪರದೇಶದವರು ಹೆಚ್ಚು. ಗ್ವೆಂಡಾ ತಿಂಗಳಿಗೆ ಕೊಡುತ್ತಿದ್ದದ್ದು ನಮ್ಮ ದ್ವೀಪದ ಏಳುನೂರು ಡಾಲರ್. ಮನೆ ದಲ್ಲಾಳಿ ಲಿನ್‌ವುಡ್ ಒಂದು ಜೋಡಿಯನ್ನು ಹುಡುಕಿದ್ದ. ಗಂಡ ಎಂಜಿನಿಯರ್, ತಿಂಗಳಿಗೆ ಅಮೆರಿಕದ ಒಂಬೈನೂರು ಕೊಡುತ್ತಾರೆ, ಅಂದರೆ ನಮ್ಮದು ಎರಡು ಸಾವಿರದ ನಾನೂರರ ಮೇಲೆ. ವರ್ಷ ಕಳೆಯುವುದರೊಳಗೆ ಹೊಸ ಚಾವಣಿ. ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಅವಳು ಸೀದಾ ಸೋದರಮಾವ ಸಿಲ್ವನ್‌ನ ಹತ್ತಿರ ಹೋದಳು. ಎಂಬತ್ತೆಂಟರ ಮುದುಕ, ಮಗಳು ಡೋರ್ಕಾಸಳ ಅಂಗಡಿಯ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ಕನಸಿನ ಕಥೆ ಕೇಳಿ ಕೈಯಲ್ಲಿದ್ದ ಬಲೆಯನ್ನು ಮಡಚಿ ಪಕ್ಕಕ್ಕಿಟ್ಟ.

"ಯಾರು ಕನಸು ಕಂಡ್ರೋ ಅವರೇ ಹೋದೋರಿಗೆ ಊಟದ ತಟ್ಟೆ ಇಡ್ಬೇಕು. ಶುಕ್ರವಾರ ಇಟ್ಟುಬಿಡ್ಲಿ."

"ಅವಳು ನಮ್ಮ ರಕ್ತ ಅಲ್ಲ, ಮಾವ. ಬಾಡಿಗೆಗೆ ಇರೋಳು."

"ಹಸಿದೋರು ಒಲೆ ಹೊಗೆ ನೋಡ್ತಾರೆ ಕಣೇ, ರಕ್ತ ನೋಡ್ತಾರಾ?"

"ಕೈ ಮುರಿದ ವಿಷಯ ನೀನೇ ಹೇಳಿರ್ತೀಯ, ರಮ್ ಹಾಕ್ಕೊಂಡಾಗ."

"ಹೇಳಿರಬಹುದು. ರಮ್ ಹಾಕ್ಕೊಂಡಾಗ ನಾನು ಏನು ಹೇಳಿಲ್ಲ? ಆದ್ರೆ ನನ್ನ ಅಮ್ಮ ಆಫ್ರಿಕಾ ಮೂಲದ ಇಬೋ ಕುಲದೋಳು. ಇಬೋಗಳು ಒಂದು ಸಲ ಕೇಳಿದ್ರೆ ಪಡೆಯೋ ತನಕ ಬಾಗಿಲು ಬಿಟ್ಟು ಏಳಲ್ಲ."

"ನನ್ನ ಹತ್ರ ಯಾಕೆ ಬರ್ಲಿಲ್ಲ ಹಾಗಾದ್ರೆ?" ಅಯೋನಿಯ ದನಿ ಏರಿತು. "ನಲವತ್ತು ವರ್ಷ ಆಯ್ತು. ಪ್ರತಿ ವರ್ಷ ಸಂತರ ಹಬ್ಬಕ್ಕೆ ಗೋರಿ ಮೇಲೆ ಮೇಣದಬತ್ತಿ ಹಚ್ಚೋಳು ನಾನು. ಒಂದು ದಿನ, ಒಂದೇ ಒಂದು ದಿನ ಬಂದಿಲ್ಲ!"

ಅಂಗಡಿಯೊಳಗಿಂದ ಡೋರ್ಕಾಸ್ ಕೂಗಿದಳು: "ಬಂದಿರ್ತಾಳೆ ಕಣೇ. ನೀನು ಕಿವೀಲಿ ಫೋನ್ ಸಿಕ್ಕಿಸ್ಕೊಂಡು ಮಲಗಿದ್ರೆ ಮುದುಕಿ ಎಷ್ಟು ಹೊತ್ತು ಬಾಗಿಲು ಬಡೀಬೇಕು?"

ಅಯೋನಿ ನಗಲಿಲ್ಲ. ಲಿನ್‌ವುಡ್‌ನ ಮಾತು, ಒಂಬೈನೂರರ ಮಾತು ಎಲ್ಲ ಹೇಳಿದಳು. ಸಿಲ್ವನ್ ಬಲೆಯನ್ನು ಮತ್ತೆ ಮಡಿಲಿಗೆಳೆದುಕೊಂಡ.

"ಮನೆ ನಿನ್ನದು, ಚಾವಣಿ ನಿನ್ನದು. ನಾನು ಬೇಡ ಅನ್ನಲ್ಲ. ಆದ್ರೆ ಮೊದಲು ಊಟ. ಆಮೇಲೆ ವ್ಯಾಪಾರ."

ಮರುದಿನ ತಟ್ಟೆಯ ವಿಷಯ ಕೇಳಿದಾಗ ಗ್ವೆಂಡಾ ಎದ್ದು ಹೋಗಿ ತನ್ನ ಪುಸ್ತಕ ತಂದಳು. ಊರಿಗೆಲ್ಲ ಗೊತ್ತಿದ್ದ ಪುಸ್ತಕ. ಕ್ಯಾರಿಯಕೂನಲ್ಲಿ ಬದುಕಲು ತಿಂಗಳಿಗೆ ಎಷ್ಟು ಬೇಕು ಎಂದು ಅವಳ ದೇಶದವರು ಕೇಳಿ ಕೇಳಿ ಬರೆಯುತ್ತಿದ್ದರು. ಅವಳು ಪ್ರತಿ ತಿಂಗಳೂ ಶಿಸ್ತಾಗಿ ಪಟ್ಟಿ ಮಾಡಿ ಕಳಿಸುತ್ತಿದ್ದಳು. ಬಾಡಿಗೆ, ಗ್ಯಾಸು, ಕರೆಂಟು, ಬಸ್ಸು. ಮೀನು ಪೌಂಡಿಗೆ ಹತ್ತು. ಹಡಗಿನಲ್ಲಿ ಬಂದ ಚೀಸು, ಅಂಗೈಯಗಲದ ತುಂಡು, ಇಪ್ಪತ್ತೆಂಟು; ಅದರ ಮುಂದೆ 'ಬೇಡ' ಎಂದು ಬರೆದಿತ್ತು. "ನಮ್ಮ ಗಾಳಿ ಕುಡಿಯೋದಕ್ಕೆ ಎಷ್ಟು ಬರೆದಿದೀರ, ಮಿಸ್ ಗ್ವೆಂಡಾ?" ಎಂದು ಡೋರ್ಕಾಸ್ ಅವಳನ್ನು ಕಾಡುವುದಿತ್ತು.

"ಎಷ್ಟು ಖರ್ಚಾಗುತ್ತೆ, ಅಯೋನಿ? ಪಿಂಚಣಿ ಬರೋಕೆ ಇನ್ನೂ ಹನ್ನೊಂದು ದಿನ ಇದೆ. ನನ್ನ ಹತ್ರ ನಲವತ್ತಮೂರು ಡಾಲರ್ ಇದೆ."

ಇದು ಆಗುವುದಿಲ್ಲ ಎಂದು ಅವಳು ಹೇಳಿಬಿಡಲಿ ಎಂದು ಅಯೋನಿಯ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಹಾಗೆಂದರೆ ತನ್ನ ಮಾತೂ ಸುಲಭವಾಗುತ್ತಿತ್ತು.

ಗ್ವೆಂಡಾ ಅಂಗಳದ ಕಡೆ ನೋಡಿದಳು. ಅವಳ ಐದು ಕೋಳಿಗಳು ಬೇಲಿಯ ಬುಡದಲ್ಲಿ ಕೆದಕುತ್ತಿದ್ದವು. ಅವಳ ಪಟ್ಟಿಯಲ್ಲಿ ಸೊನ್ನೆ ಬರೆದಿದ್ದ ಜಾಗ ಒಂದೇ, ಮೊಟ್ಟೆಯ ಮುಂದೆ.

"ಇವು ಆಗ್ತಾವಾ?"

"ಎಲ್ಲಾ ಯಾಕೆ? ಎರಡು ಸಾಕು."

"ಎಷ್ಟು ಜನ ಬರ್ತಾರೆ?"

"ಬದುಕಿರೋರಾ?" ಎಂದಳು ಅಯೋನಿ.

ಗ್ವೆಂಡಾ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಐದೂ ಆಗಲಿ," ಎಂದು ಪುಸ್ತಕ ಮುಚ್ಚಿದಳು.

ಯಾರನ್ನೂ ಯಾರೂ ಕರೆಯಲಿಲ್ಲ. ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಸುದ್ದಿ ತಾನೇ ನಡೆದು ಹೋಗುತ್ತದೆ. ಗುರುವಾರ ಬೆಳಿಗ್ಗೆ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಜೋಳದ ಹಿಟ್ಟಿನ ಚೀಲವೊಂದು ಕೂತಿತ್ತು. ಮಧ್ಯಾಹ್ನಕ್ಕೆ ಗೇಟಿಗೆ ಕಟ್ಟಿದ ಹೋತ. ಕಟ್ಟಿದವರು ಯಾರೋ ಕಾಣಲಿಲ್ಲ. ತೆಂಗಿನಕಾಯಿ, ಗೆಣಸು, ಅಕ್ಕಿ, ಒಂದು ಹೊರೆ ಸೌದೆ. ಚರ್ಚಿನಿಂದ ಮೂರು ದೊಡ್ಡ ತಾಮ್ರದ ಹಂಡೆಗಳು ಜೀಪಿನಲ್ಲಿ ಬಂದವು. ಗಾಳಿಯಲ್ಲಿ ಮನೆಯನ್ನೇ ಕಳೆದುಕೊಂಡು ಡೇರೆಯಲ್ಲಿದ್ದ ಮುದುಕಿಯೊಬ್ಬಳು ಬಂದು, ಬಟ್ಟೆಯ ಗಂಟು ಬಿಚ್ಚಿ, ಎರಡು ಹಿಡಿ ತೊಗರಿ ಸುರಿದು ಹೋದಳು.

ಗ್ವೆಂಡಾ ಪೆನ್ಸಿಲ್ ಹಿಡಿದು ಯಾರು ಏನು ತಂದರೆಂದು ಬರೆಯತೊಡಗಿದ್ದಳು. ಡೋರ್ಕಾಸ್ ಆ ಪೆನ್ಸಿಲನ್ನೇ ಕಿತ್ತುಕೊಂಡು ತನ್ನ ಕೂದಲಿಗೆ ಸಿಕ್ಕಿಸಿಕೊಂಡಳು. "ಬರೀಬೇಡಿ. ಬರೆದ್ರೆ ಸಾಲ ಆಗುತ್ತೆ. ಈರುಳ್ಳಿ ಹೆಚ್ಚಿ."

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಒಲೆಗಳು ಉರಿದವು. ಎರಡು ಹಂಡೆ ಬದುಕಿರುವವರಿಗೆ, ಒಂದು ಹೋದವರಿಗೆ. ಮೂರನೆಯದರ ಹತ್ತಿರ ಅಯೋನಿಯೂ ಗ್ವೆಂಡಾಳೂ ಎದುರುಬದುರು ನಿಂತು ದೋಣಿಯ ಹುಟ್ಟಿನಂಥ ಕೋಲಿನಿಂದ ಮುದ್ದೆ ತಿರುವುತ್ತಿದ್ದರು. ಹೊಗೆಗೆ ಗ್ವೆಂಡಾಳ ಮುಖ ಬೇಯಿಸಿದ ಏಡಿಯಂತೆ ಕೆಂಪಾಗಿತ್ತು. ಹಾಗೆಂದು ಡೋರ್ಕಾಸ್ ಕೂಗಿ ಹೇಳಿದಾಗ ಅಂಗಳವೆಲ್ಲ ನಕ್ಕಿತು.

"ಅಯ್ಯೋ!" ಎಂದಳು ಗ್ವೆಂಡಾ. "ಏಡಿ ಅಂದಾಗ ನೆನಪಾಯ್ತು. ಅಜ್ಜಿ ಏಳುವಾಗ ಇನ್ನೊಂದು ಮಾತು ಹೇಳಿದ್ರು. 'ಏಡಿಮರಿಗೆ ಹೇಳು, ನಾನು ಬಂದಿದ್ದೆ ಅಂತ.' ನನಗೆ ಅರ್ಥ ಆಗ್ಲಿಲ್ಲ. ಆದ್ರೂ ಹಿರಿಯರು ಹೇಳಿದ ಮೇಲೆ ಬಿಡೋದು ಹೇಗೆ? ಬೆಳಿಗ್ಗೆ ಎದ್ದು ಅಂಗಳದ ಬಿಲಗಳಲ್ಲೆಲ್ಲ ಹುಡುಕಿದೆ. ಒಂದು ಸಿಕ್ತು. ಅದಕ್ಕೆ ಹೇಳ್ದೆ."

ಅಯೋನಿಯ ಕೈಯಲ್ಲಿ ಕೋಲು ನಿಂತಿತು.

ಅವಳ ಕಾಲುಗಳು ಹುಟ್ಟುವಾಗಲೇ ಬಾಗಿದ್ದವು. ಐದು ವರ್ಷದವರೆಗೂ ಅವಳು ಓರೆ ಓರೆಯಾಗಿ ನಡೆಯುತ್ತಿದ್ದಳು. ಬೀದಿಯ ಮಕ್ಕಳು ಬೇರೆ ಬೇರೆ ಹೆಸರಿಟ್ಟು ಅಣಕಿಸುತ್ತಿದ್ದರು. ಅಜ್ಜಿ ಮಾತ್ರ ಈ ಮನೆಯ ಬಾಗಿಲು ಹಾಕಿಕೊಂಡು, ಒಳ್ಳೆಯ ಕೈಯಿಂದ ತಲೆ ಬಾಚುತ್ತ, ಕಿವಿಯ ಹತ್ತಿರ ಬಗ್ಗಿ ಏಡಿಮರಿ ಎಂದು ಕರೆಯುತ್ತಿದ್ದಳು. ಅಮ್ಮನಿಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. ಅಯೋನಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿಯೊಡನೆ ಅದನ್ನೂ ಮಣ್ಣು ಮಾಡಿದ್ದಾಯಿತೆಂದುಕೊಂಡಿದ್ದಳು.

ಹಂಡೆಯ ಹಬೆ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಸುತ್ತಲಿನ ನಗು, ಕೊಡಲಿಯ ಸದ್ದು, ಸಮುದ್ರ, ಎಲ್ಲ ಇದ್ದಲ್ಲೇ ಇದ್ದವು. ಆದರೆ ಅಂಗಳದ ಮಣ್ಣು ಕಾಲ ಕೆಳಗೆ ಉಸಿರಾಡಿದಂತೆ ಅವಳಿಗೆ ಅನ್ನಿಸಿತು.

"ತಳ ಹಿಡಿಯುತ್ತೆ, ಅಯೋನಿ," ಎಂದಳು ಗ್ವೆಂಡಾ ಮೆಲ್ಲಗೆ. ಅಯೋನಿ ಮತ್ತೆ ತಿರುವತೊಡಗಿದಳು.

ಮೂರು ಗಂಟೆಗೆ ಒಳಗಿನ ಕೋಣೆಯಲ್ಲಿ ಮೇಜು ಅಣಿಮಾಡಿದರು. ಬಿಳಿ ಬಟ್ಟೆ, ಒಂದು ಮೇಣದಬತ್ತಿ, ಒಂದು ಲೋಟ ನೀರು, ಒಂದು ಲೋಟ ರಮ್. ಗ್ವೆಂಡಾ ತನ್ನ ಕೈಯಿಂದಲೇ ಮುದ್ದೆ, ತೊಗರಿ, ಕೋಳಿ, ಹೋತದ ಮಾಂಸ ಎಲ್ಲವನ್ನೂ ಬಡಿಸಿದಳು. ಸಿಲ್ವನ್ ಹೊಸಿಲ ಮೇಲೆ ನೀರು ಚಿಮುಕಿಸಿ ಹೆಸರು ಕರೆದ. ಅಮ್ಮನ ಹೆಸರು, ಅವಳ ಅಮ್ಮನ ಹೆಸರು, ದೋಣಿಯಲ್ಲಿ ಹೋಗಿ ಬಾರದವರ ಹೆಸರು. ಕೊನೆಗೆ, "ನಾವು ಹೆಸರು ಮರೆತೋರೂ ಬನ್ನಿ. ತಪ್ಪು ನಮ್ಮದು, ಊಟ ನಿಮ್ಮದು," ಎಂದ. ಆಮೇಲೆ ಎಲ್ಲರೂ ಹೊರಗೆ ಬಂದರು. ಬಾಗಿಲು ತೆರೆದೇ ಇತ್ತು. ಹಿರಿಯರ ಊಟ ಮುಗಿಯಿತೆಂದು ಸಿಲ್ವನ್ ಹೇಳುವವರೆಗೆ ಒಳಗೆ ಯಾರೂ ಹೆಜ್ಜೆ ಇಡುವಂತಿಲ್ಲ. ಇನ್ನೂರು ಜನರಿದ್ದ ಅಂಗಳ ದೇವಾಲಯದಂತೆ ಸುಮ್ಮನಾಯಿತು.

ಸೂರ್ಯ ಇಳಿಯುವ ಹೊತ್ತಿಗೆ ಜೀಪೊಂದು ಬಂತು. ಲಿನ್‌ವುಡ್, ಅವನ ಹಿಂದೆ ಎಂಜಿನಿಯರ್ ಮತ್ತು ಅವನ ಹೆಂಡತಿ. ಜನ ನೋಡಿ ಹೆಂಡತಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಳು. ಅಯೋನಿ ಮೆಟ್ಟಿಲಿಳಿದು ಹೋದಳು.

"ಆಂಟಿ, ಇವತ್ತೇ ಅಲ್ವಾ ಹೇಳಿದ್ದು?" ಲಿನ್‌ವುಡ್ ದನಿ ತಗ್ಗಿಸಿದ. "ಐದು ನಿಮಿಷ ಒಳಗೆ ನೋಡ್ಕೊಂಡು ಹೋಗ್ತಾರೆ."

"ಆಗಲ್ಲಪ್ಪ. ಒಳಗೆ ಊಟಕ್ಕೆ ಕೂತಿದಾರೆ."

ಲಿನ್‌ವುಡ್ ಬಾಗಿಲ ಕಡೆ ಕತ್ತು ಚಾಚಿದ. ಅವನೂ ಈ ಮಣ್ಣಿನವನೇ. ಮೇಣದಬತ್ತಿ ಕಂಡದ್ದೇ ಕತ್ತು ಹಿಂದಕ್ಕೆ ಬಂತು.

"ಎಷ್ಟು ಜನ ಇದ್ದಾರೆ?" ಎಂದು ಎಂಜಿನಿಯರ್ ಸೌಜನ್ಯದಿಂದ ಕೇಳಿದ.

"ನಾನು ಎಣಿಸಿಲ್ಲ, ಸ್ವಾಮಿ."

"ಹಾಗಾದ್ರೆ ನಾಳೆ ಬರಲಾ, ಆಂಟಿ? ಒಂಬೈನೂರು. ಅಮೆರಿಕದ್ದು."

ಗುಡ್ಡದ ಮೇಲೆ ನೀಲಿ ಟಾರ್ಪಾಲು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಅಯೋನಿ ಅದರ ಕಡೆ ಒಮ್ಮೆ ನೋಡಿದಳು. ಮಳೆಗಾಲಕ್ಕೆ ಇನ್ನು ಎರಡೇ ತಿಂಗಳು.

"ನಾಳೆ ಬೇಡ, ಲಿನ್‌ವುಡ್. ಮನೆ ಖಾಲಿ ಇಲ್ಲ. ಅವರನ್ನ ಹಾಗೇ ಕಳಿಸ್ಬೇಡ, ಕೂರಿಸಿ ಊಟ ಹಾಕಿಸು. ಉಪ್ಪು ಇರೋ ಹಂಡೆಯಿಂದ."

ಮೆಟ್ಟಿಲ ಮೇಲೆ ಗ್ವೆಂಡಾ ಚಪ್ಪಲಿ ಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಬಂದವರು ಯಾರೆಂದು ಅವಳು ಕೇಳಲಿಲ್ಲ, ಅಯೋನಿಯೂ ಹೇಳಲಿಲ್ಲ. ಹತ್ತಿರ ಬಂದು ಅವಳಿಗೆ ತಾಗಿಕೊಂಡು ಕೂತಳು. ಇಬ್ಬರ ಕೈಗಳಿಗೂ ಸೌದೆ ಹೊಗೆಯ ವಾಸನೆ. ಕಡಲಿನ ಮೇಲೆ ಬೆಳಕು ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ.

ಒಳಗೆ ಹಲಗೆಯೊಂದು ಕಿರ್ ಎಂದಿತು. ಇಬ್ಬರೂ ತಿರುಗಿ ನೋಡಲಿಲ್ಲ. ಅಯೋನಿ ಲಂಗದ ಅಂಚನ್ನು ಎಳೆದುಕೊಂಡು ಎಡಕ್ಕೆ ಸರಿದಳು. ಅದೇ ಗಳಿಗೆಯಲ್ಲಿ ಗ್ವೆಂಡಾ ಬಲಕ್ಕೆ ಸರಿದಳು. ಅವರ ನಡುವೆ, ಮೆಟ್ಟಿಲ ಮೇಲೆ, ಒಬ್ಬರು ಇಳಿದು ಹೋಗುವಷ್ಟು ದಾರಿ ಆಯಿತು.